ಕಾರ್ಬನ್ ಕಾಪಿ ಎಂದದ್ದು ನನ್ನ ತಪ್ಪು: ಒಂದು ಆಡಿಟರ್ ಕಚೇರಿಯ ಹಂಚಿಕೆ ಡಿಸ್ಕ್ ಪ್ರಕರಣ

ಅಕ್ಕನ ಮಿಷನ್

ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರ. ಅಡಿಕೆ ಮಂಡಿಗಳು, ಅಕ್ಕಿ ಗಿರಣಿಗಳು, ಒಂದಷ್ಟು ಸಹಕಾರ ಸಂಘಗಳು, ಬಟ್ಟೆ ಅಂಗಡಿಗಳು, ಇವರೆಲ್ಲರ ಲೆಕ್ಕ ನೋಡುವ ಆಡಿಟರ್ ಕಚೇರಿ. ಅಪ್ಪ, ಮಗ ಇಬ್ಬರೂ ಸಿ.ಎ. ಇಲ್ಲಿ ಅವರನ್ನು ಹಿರಿಯರು, ಕಿರಿಯರು ಎಂದೇ ಕರೆಯುತ್ತೇನೆ. ಇಲ್ಲಿ ಇಪ್ಪತ್ತು ವರ್ಷದ ಕೆಲಸ ದಾಟಿದ ಅಕೌಂಟೆಂಟ್ ಒಬ್ಬರಿದ್ದಾರೆ, ಇಡೀ ಕಚೇರಿಗೆ ಅವರು ಅಕ್ಕ. ಇನ್ನು ನಾಲ್ವರು ಸಿಬ್ಬಂದಿ, ಸಿ.ಎ. ತರಬೇತಿಗೆ ಬಂದ ನಾಲ್ವರು ಆರ್ಟಿಕಲ್ ಹುಡುಗ ಹುಡುಗಿಯರು. ಒಟ್ಟು 11 ಕಂಪ್ಯೂಟರ್. ಇಂಥ ಸಣ್ಣ ಕಚೇರಿಗಳಿಗೆ ನೆಟ್‌ವರ್ಕ್ ಹಾಕಿಕೊಡುವುದು ನನ್ನ ಕೆಲಸ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ತಪ್ಪುಗಳು ಮಾತ್ರ ನಡೆದ ಹಾಗೇ ಇವೆ.

ಕಚೇರಿಯ ಫೈಲುಗಳೆಲ್ಲ ಇದ್ದದ್ದು ಅಕ್ಕನ ಕಂಪ್ಯೂಟರಿನಲ್ಲಿ. ಎಷ್ಟೋ ವರ್ಷದ ಹಿಂದೆ ಯಾರೋ ಅದರ ಡಿ ಡ್ರೈವನ್ನು ಶೇರ್ ಮಾಡಿಟ್ಟಿದ್ದರು. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರಿನ ಡೇಟಾ, ಸ್ಕ್ಯಾನ್ ಮಾಡಿದ ಬಿಲ್ಲುಗಳು, ರಿಟರ್ನ್ ಪ್ರತಿಗಳು ಸೇರಿ 610 ಜಿಬಿ. ಅಕ್ಕ ರಜೆ ಹಾಕಿದರೂ ಅವರ ಮಿಷನ್ ಆನ್ ಆಗಲೇಬೇಕು. ಪಾಸ್‌ವರ್ಡ್ ಚೀಟಿ ಸ್ಟೇಪ್ಲರ್ ಡಬ್ಬಿಯ ಕೆಳಗೆ ಇರುತ್ತಿತ್ತು. ಇಷ್ಟು ಸಾಲದೆಂಬಂತೆ ಪೆನ್‌ಡ್ರೈವ್ ಓಡಾಟ ಬೇರೆ. 'ಫೈನಲ್', 'ಫೈನಲ್ ಹೊಸದು', 'ಫೈನಲ್ ಸರ್ ನೋಡಿದ್ದು' ಎಂದು ಒಂದೇ ಬ್ಯಾಲೆನ್ಸ್ ಶೀಟಿಗೆ ಮೂರು ಅವತಾರ.

ನನ್ನನ್ನು ಕರೆಸಿದ್ದು ಒಂದು 20ನೇ ತಾರೀಕಿನ ಕಾರಣಕ್ಕೆ. ತಿಂಗಳ ಜಿಎಸ್‌ಟಿ ರಿಟರ್ನ್, ಅಂದರೆ ಜಿಎಸ್‌ಟಿಆರ್-3ಬಿ ಸಲ್ಲಿಸುವ ಕೊನೆಯ ದಿನ. ಸಂಜೆ ನಾಲ್ಕೂವರೆಗೆ ಕರೆಂಟು ಒಮ್ಮೆ ಕಣ್ಣು ಮಿಟುಕಿಸಿತು. ಅಕ್ಕನ ಯುಪಿಎಸ್ ಬ್ಯಾಟರಿ ಸತ್ತು ಎಷ್ಟು ದಿನವಾಗಿತ್ತೋ, ಮಿಷನ್ ಆರಿತು, ಅದರೊಳಗಿನ ಟ್ಯಾಲಿ ಡೇಟಾ ತೆರೆದುಕೊಂಡು ಕೂತಿದ್ದ ಏಳು ಜನರ ಪರದೆಯೂ ಸ್ತಬ್ಧ. ಹಾಳಾದ ಡೇಟಾ ಸರಿಪಡಿಸುವ ರೀರೈಟ್ ಕೊಟ್ಟಾಗ ಹೆಚ್ಚಿನ ಕಂಪನಿಗಳ ಲೆಕ್ಕಗಳು ಎದ್ದವು. ಎರಡು ಏಳಲೇ ಇಲ್ಲ. ಅವಕ್ಕಿದ್ದ ಬ್ಯಾಕಪ್ ಒಂಬತ್ತು ದಿನ ಹಳೆಯದು. ಆ ರಾತ್ರಿ ಹನ್ನೊಂದೂವರೆವರೆಗೆ ಕೂತು ಮತ್ತೆ ಎಂಟ್ರಿ ಹಾಕಿದರಂತೆ.

ಮರುದಿನ ಕಿರಿಯರು ಹೇಳಿದ್ದು ಒಂದೇ ಮಾತು: "ಯಾರ ಮಿಷನ್ನೂ ಅಲ್ಲದ ಒಂದು ಜಾಗ ಬೇಕು."

ಕ್ಲೌಡ್ ಬಗ್ಗೆ ಅವರೇ ಕೇಳಿದರು. ತೆರೆದಿರುವ ಟ್ಯಾಲಿ ಡೇಟಾವನ್ನು ಸಿಂಕ್ ಆಗುವ ಫೋಲ್ಡರಿನಲ್ಲಿ ಇಡುವುದು ಅಪಾಯ, ಇಬ್ಬರು ಒಟ್ಟಿಗೆ ಬರೆದರೆ ಎರಡೆರಡು ಪ್ರತಿ ಹುಟ್ಟಿಕೊಳ್ಳುತ್ತದೆ. ಜೊತೆಗೆ ಹಿರಿಯರಿಗೆ ಗಿರಾಕಿಗಳ ಕಾಗದ ಊರು ಬಿಟ್ಟು ಹೋಗುವುದೇ ಇಷ್ಟವಿರಲಿಲ್ಲ. ವಿಂಡೋಸ್ ಸರ್ವರ್ ಹಾಕಿದರೆ ಪರವಾನಗಿ ಖರ್ಚು, ನೋಡಿಕೊಳ್ಳಲು ಒಬ್ಬ ಮನುಷ್ಯ. ಉಳಿದದ್ದು ನ್ಯಾಸ್, ಅಂದರೆ ನೆಟ್‌ವರ್ಕಿಗೆ ನೇರವಾಗಿ ಸಿಕ್ಕಿಸುವ ಡಿಸ್ಕ್ ಪೆಟ್ಟಿಗೆ. ಎರಡು ಡಿಸ್ಕ್ ಹಿಡಿಯುವ ಪೆಟ್ಟಿಗೆ, ಒಂದೊಂದು 4 ಟಿಬಿಯ ಎರಡು ಡಿಸ್ಕ್. ಅದಕ್ಕೊಂದು ಹೊಸ ಯುಪಿಎಸ್.

ಲೆಕ್ಕ ತಾಳೆಯಾಗಲಿಲ್ಲ

ಪೆಟ್ಟಿಗೆ ಜೋಡಿಸಿ ಪರದೆ ತೋರಿಸಿದಾಗ ಹಿರಿಯರು ಕನ್ನಡಕ ಏರಿಸಿಕೊಂಡರು. ಬಿಲ್ಲಿನಲ್ಲಿ 8 ಟಿಬಿ, ಪರದೆಯಲ್ಲಿ 3.63.

"ಎಲ್ಲಿ ಹೋಯ್ತಪ್ಪಾ ಉಳಿದದ್ದು?"

ಕ್ಯಾಲ್ಕುಲೇಟರ್ ತೆಗೆದುಕೊಂಡು ಕೂತೆ. ಡಿಸ್ಕ್ ಮಾಡಿದವರ ಲೆಕ್ಕದಲ್ಲಿ 4 ಟಿಬಿ ಅಂದರೆ ನಾಲ್ಕು ಲಕ್ಷ ಕೋಟಿ ಬೈಟ್. ಕಂಪ್ಯೂಟರ್ ಅದನ್ನು ಸಾವಿರದಿಂದ ಭಾಗಿಸದೆ 1024ರಿಂದ ನಾಲ್ಕು ಸಲ ಭಾಗಿಸುತ್ತದೆ, ಆಗ 3.63 ಬರುತ್ತದೆ. ಲಕ್ಷ ಕೋಟಿ ಎಂದದ್ದೇ ತಡ ಅವರಿಗೆ ಥಟ್ಟನೆ ಅರ್ಥವಾಯಿತು. ಆಮೇಲೆ ಕೇಳಿದರು, "ಸರಿ, ಇನ್ನೊಂದು ಡಿಸ್ಕು?"

"ಅದು ಕಾರ್ಬನ್ ಕಾಪಿ ಸರ್. ಇದರಲ್ಲಿ ಬರೆದದ್ದು ಅದರಲ್ಲೂ ಬೀಳತ್ತೆ. ಒಂದು ಹೋದ್ರೆ ಇನ್ನೊಂದು ಇರತ್ತೆ."

ರೇಡ್ 1 ಎಂಬ ವ್ಯವಸ್ಥೆಯನ್ನು ಇದಕ್ಕಿಂತ ಚೆನ್ನಾಗಿ ಹೇಳಲಾಗದು ಎಂದುಕೊಂಡಿದ್ದೆ. ಹಿರಿಯರ ಮುಖವೂ ಅರಳಿತ್ತು. ರಸೀದಿ ಪುಸ್ತಕದ ಕಾಲದವರು. ಕಾರ್ಬನ್ ಪ್ರತಿ ಇದ್ದರೆ ದಾಖಲೆ ಭದ್ರ ಎಂಬುದು ಅವರ ಕೈಗೆ ಹತ್ತಿದ ನಂಬಿಕೆ. ಆ ಒಂದು ವಾಕ್ಯ ಆರು ವಾರದ ಮೇಲೆ ನನ್ನ ಕುತ್ತಿಗೆಗೇ ಬಂತು.

ಶನಿವಾರ ಸಂಜೆ 610 ಜಿಬಿ ನಕಲಿಗೆ ಹಚ್ಚಿದೆ. ವೇಗ ಸೆಕೆಂಡಿಗೆ 11 ಎಂಬಿ, ಒಂದಿಷ್ಟೂ ಮೇಲೇಳದು. ಈ 11 ಎಂಬ ಅಂಕಿ ಕಂಡರೆ ನನಗೆ ಬೇರೆ ಪರೀಕ್ಷೆ ಬೇಕಿಲ್ಲ: ದಾರಿಯಲ್ಲಿ ಎಲ್ಲೋ 100 ಎಂಬಿಪಿಎಸ್ ಕೊಂಡಿ ಇದೆ. ಅದರ ಹತ್ತು ಪಟ್ಟಿನ ಗಿಗಾಬಿಟ್ ಆಗಿದ್ದರೆ 110ರ ಆಸುಪಾಸು ಬರಬೇಕು. ಒಂದೂವರೆ ಗಂಟೆಯ ಕೆಲಸ ಹದಿನೈದು ಗಂಟೆ ಮೀರುತ್ತದೆ. ಕೇಬಲ್ಲುಗಳೆಲ್ಲ ಬಂದು ಸೇರುವ ನೆಟ್‌ವರ್ಕ್ ಸ್ವಿಚ್ ಹೊಸದು. ಅಕ್ಕನ ಟೇಬಲ್ಲಿನ ಗೋಡೆ ಪಾಯಿಂಟು ಬಿಚ್ಚಿದೆ. ಒಳಗೆ ಕಿತ್ತಳೆ, ಹಸಿರು ಜೋಡಿ ಮಾತ್ರ ಪಾಯಿಂಟಿಗೆ ಸೇರಿದ್ದವು. ನೀಲಿ ಜೋಡಿ ಹಿಂದಕ್ಕೆ ಮಡಚಿಕೊಂಡು, ಸೆಲ್ಲೋಟೇಪ್ ಸುತ್ತಿಸಿಕೊಂಡು, ಹಿರಿಯರ ಕೋಣೆಯ ಇಂಟರ್‌ಕಾಮ್‌ಗೆ ಹೋಗಿತ್ತು. ಕಟ್ಟಡ ಕಟ್ಟುವಾಗ ವೈರಿಂಗ್ ಮಾಡಿದವನ ಜಾಣತನ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಇಂಟರ್‌ಕಾಮ್‌ಗೆ ಬೇರೆ ತಂತಿ ಎಳೆಸಿ, ಎಂಟೂ ಎಳೆ ಕೂರಿಸಿದ ಮೇಲೆ 108 ಬಂತು. ಹೀಗೇ ಹರಿದು ಹಂಚಿದ ಕೇಬಲ್ ಇನ್ನೂ ಮೂರು ಸಿಕ್ಕವು.

ಇದೆಲ್ಲ ಸರಿಹೋಗುವಷ್ಟರಲ್ಲಿ ಇನ್ನೊಂದು ಕಾಣಿಸಿತು. ಸಹಕಾರ ಸಂಘಗಳ ಫೋಲ್ಡರಿನಲ್ಲಿ ನೂರಾರು ಫೈಲು ನಕಲಾಗುತ್ತಲೇ ಇಲ್ಲ, ಹೆಸರು ಉದ್ದವಾಯಿತು ಎಂಬ ತಕರಾರು. ಇಂಗ್ಲಿಷ್ ಹೆಸರಿನವು ಇದಕ್ಕಿಂತ ಉದ್ದವಿದ್ದರೂ ಸಲೀಸಾಗಿ ಹೋಗುತ್ತಿವೆ. ಅಕ್ಕನಿಗೆ ಸಂಘದ ಪೂರ್ತಿ ಹೆಸರು ಹಾಕುವ ರೂಢಿ. 'ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ ನಿಯಮಿತ ಲೆಕ್ಕಪರಿಶೋಧನಾ ವರದಿ' ಎಂದೇ ಇರುತ್ತದೆ, ಅದರ ಹಿಂದೆ ಊರು, ಮುಂದೆ ವರ್ಷ. ವಿಂಡೋಸ್ ಹೆಸರನ್ನು ಅಕ್ಷರ ಸಂಕೇತಗಳ ಲೆಕ್ಕದಲ್ಲಿ ಅಳೆಯುತ್ತದೆ, 255ರವರೆಗೆ ಬಿಡುತ್ತದೆ. ಪೆಟ್ಟಿಗೆಯೊಳಗೆ ಇರುವುದು ಲಿನಕ್ಸ್. ಅದು ಅಳೆಯುವುದು ಬೈಟಿನಲ್ಲಿ. ಅಕ್ಷರಗಳನ್ನು ಬೈಟಿಗೆ ಇಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. 'ಪ್ರಾ' ನಮ್ಮ ಕಣ್ಣಿಗೆ ಒಂದು ಅಕ್ಷರ, ಒಳಗೆ ಪ, ವಿರಾಮ, ರ, ದೀರ್ಘ ಸೇರಿ ನಾಲ್ಕು ಸಂಕೇತ, 12 ಬೈಟ್. ಮೇಲಿನ ಹೆಸರೊಂದೇ 154 ಬೈಟ್ ತಿನ್ನುತ್ತದೆ.

ಹಾಗಿದ್ದರೂ 255ರ ಒಳಗೇ ಇತ್ತಲ್ಲ? ಎಡವಟ್ಟು ಮಾಡಿದ್ದು ನಾನು. ಪೆಟ್ಟಿಗೆ ಕಳುವಾದರೂ ಗಿರಾಕಿಗಳ ಕಾಗದ ಬಯಲಾಗಬಾರದು ಎಂದು ಫೋಲ್ಡರುಗಳನ್ನು ಎನ್‌ಕ್ರಿಪ್ಟ್ ಮಾಡಿದ್ದೆ. ಈ ಬಗೆಯ ಎನ್‌ಕ್ರಿಪ್ಟ್ ಫೋಲ್ಡರಿನಲ್ಲಿ ಹೆಸರಿನ ಮಿತಿ 143 ಬೈಟಿಗೆ ಇಳಿಯುತ್ತದೆ. ಕನ್ನಡಕ್ಕೆ 47 ಸಂಕೇತ. ಇದನ್ನು ನಾನು ಎಲ್ಲೋ ಓದಿದ್ದೆ, ಆದರೆ ಇಂಗ್ಲಿಷಿನಲ್ಲಿ 143 ಸಾಕಷ್ಟು ದೊಡ್ಡದಾಗಿ ಕಂಡಿದ್ದರಿಂದ ಮರೆತಿದ್ದೆ.

ಹೆಸರು ಮೊಟಕು ಮಾಡೋಣ ಎಂದೆ. ಅಕ್ಕ ಒಪ್ಪಲಿಲ್ಲ. "ಪ್ರಾ.ಕೃ.ಪ. ಅಂತ ಹಾಕಿದ್ರೆ ನಾಳೆ ಇಲಾಖೆಯವ್ರು ಕೇಳ್ದಾಗ ಹುಡುಕೋದು ಯಾರು, ನೀವಾ?" ಕೊನೆಗೆ ಆ ಫೋಲ್ಡರಿಗೆ ಮಾತ್ರ ಎನ್‌ಕ್ರಿಪ್ಷನ್ ತೆಗೆದೆ. ಸಂಘದ ಆಡಿಟ್ ವರದಿ ಹೇಗೂ ಮಹಾಸಭೆಯಲ್ಲಿ ಎಲ್ಲ ಸದಸ್ಯರ ಮುಂದೆ ಬರುವಂಥದ್ದು. ಉಳಿದ ಗಿರಾಕಿಗಳದ್ದು ಬೀಗದಲ್ಲೇ ಉಳಿಯಿತು.

ಜೆರಾಕ್ಸ್ ಮಿಷನ್ನಿನದು ಚಿಕ್ಕ ಕಥೆ. ಸ್ಕ್ಯಾನ್ ಮಾಡಿದ್ದನ್ನು ಅದು ನೇರ ಫೋಲ್ಡರಿಗೆ ಕಳಿಸುತ್ತಿತ್ತು, ಆದರೆ ನೆಟ್‌ವರ್ಕಿನಲ್ಲಿ ಫೈಲು ಹಂಚಿಕೊಳ್ಳುವ ಹಳೆಯ ಎಸ್‌ಎಂಬಿ 1 ಭಾಷೆ ಮಾತ್ರ ಅದಕ್ಕೆ ಗೊತ್ತು. ಸರ್ವಿಸ್‌ಗೆ ಬಂದವರು ಪೆಟ್ಟಿಗೆಯಲ್ಲಿ ಎಸ್‌ಎಂಬಿ 1 ತೆರೆದುಬಿಡಿ ಎಂದರು. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಎಂಬ ಸುಲಿಗೆ ವೈರಸ್ ಹರಡಿದ್ದು ಇದೇ ಬಾಗಿಲಿನಿಂದ. ಅದೇ ವರ್ಷದ ಕೊನೆಯಿಂದ ವಿಂಡೋಸ್ 10 ಕೂಡ ಅದನ್ನು ಹೊಸದಾಗಿ ಹಾಕಿಕೊಡುವುದನ್ನು ಬಿಟ್ಟಿದೆ. ಒಂದು ಜೆರಾಕ್ಸ್ ಮಿಷನ್ನಿಗಾಗಿ 11 ಕಂಪ್ಯೂಟರಿನ ಬಾಗಿಲು ತೆರೆಯಲು ಮನಸ್ಸಾಗಲಿಲ್ಲ. ಮಿಷನ್ನಿಗೆ ಫೈಲು ಕಳಿಸುವ ಇನ್ನೊಂದು ಭಾಷೆ ಎಫ್‌ಟಿಪಿಯೂ ಬರುತ್ತಿತ್ತು. 'ಸ್ಕ್ಯಾನ್' ಎಂಬ ಒಂದೇ ಫೋಲ್ಡರಿಗೆ ಬರೆಯಬಲ್ಲ ಪ್ರತ್ಯೇಕ ಖಾತೆ ಮಾಡಿ ಮುಗಿಸಿದೆ.

ಮನೆಯಿಂದ ಫೈಲು ನೋಡಬೇಕೆಂಬ ಆಸೆ ಕಿರಿಯರದ್ದು. ರೂಟರಿನಲ್ಲಿ ಪೋರ್ಟ್ ತೆರೆದು ಪೆಟ್ಟಿಗೆಯನ್ನು ಇಂಟರ್ನೆಟ್ಟಿಗೆ ಒಡ್ಡುವುದಕ್ಕೆ ನಾನು ತಯಾರಿರಲಿಲ್ಲ. 2021ರ ಏಪ್ರಿಲ್‌ನಲ್ಲಿ ಕ್ಯೂಲಾಕರ್, 2022ರ ಜನವರಿಯಲ್ಲಿ ಡೆಡ್‌ಬೋಲ್ಟ್, ಈ ಎರಡು ಸುಲಿಗೆ ವೈರಸ್‌ಗಳೂ ಹುಡುಕಿ ಹೊಡೆದದ್ದು ಹೀಗೆ ಬೀದಿಗೆ ಮುಖ ಮಾಡಿ ಕೂತ ಪೆಟ್ಟಿಗೆಗಳನ್ನೇ. ಕ್ಯೂಲಾಕರ್ ಅಂತೂ ಫೈಲುಗಳನ್ನು ಮಾಮೂಲಿ 7-ಝಿಪ್‌ನಲ್ಲಿ ಪಾಸ್‌ವರ್ಡ್ ಹಾಕಿ ಕಟ್ಟಿ, ಬಿಚ್ಚಲು 0.01 ಬಿಟ್‌ಕಾಯಿನ್ ಕೇಳಿತ್ತು. ಅದರ ಬದಲು ಮನೆಯಿಂದ ಕಚೇರಿಗೆ ಬೀಗ ಹಾಕಿದ ಖಾಸಗಿ ದಾರಿ, ಅಂದರೆ ವಿಪಿಎನ್ ಹಾಕಿಕೊಟ್ಟೆ. ಟ್ಯಾಲಿಯನ್ನು ಮಾತ್ರ ವಿಪಿಎನ್‌ನಲ್ಲಾಗಲಿ ವೈಫೈನಲ್ಲಾಗಲಿ ತೆರೆಯಬೇಡಿ, ಮಧ್ಯೆ ಕೊಂಡಿ ಕಳಚಿದರೆ ಮತ್ತೆ 20ನೇ ತಾರೀಕೇ ಎಂದು ಹೇಳಿದ್ದೆ. ಪಾಲಿಸಿದರು.

ಯುಪಿಎಸ್‌ನಿಂದ ಪೆಟ್ಟಿಗೆಗೆ ಯುಎಸ್‌ಬಿ ತಂತಿ ಕೊಟ್ಟು, ಎಲ್ಲರೂ ನೋಡುತ್ತಿರುವಾಗಲೇ ಗೋಡೆಯ ಪ್ಲಗ್ ಕಿತ್ತೆ. ಐದು ನಿಮಿಷ ಕಾದು ಪೆಟ್ಟಿಗೆ ತಾನಾಗಿ ಮಲಗಿತು. ಆ ಹೊತ್ತಿಗೆ ನನಗೆ ಕೆಲಸ ಮುಗಿಯಿತು ಅನ್ನಿಸಿತ್ತು.

ಒಂದೇ ಹೆಸರು, ಹನ್ನೊಂದು ಕೈ

ಬಿಟ್ಟುಬಿಟ್ಟಿದ್ದ ಒಂದು ತೀರ್ಮಾನವಿದೆ, ಅದನ್ನೀಗ ಹೇಳಬೇಕು. ಪಾಸ್‌ವರ್ಡೇ ಇಲ್ಲದೆ ಎಲ್ಲರಿಗೂ ಝಡ್ ಡ್ರೈವ್, ಅಂದರೆ ಕಂಪ್ಯೂಟರಿನಲ್ಲಿ ಕಾಣುವ ಈ ಪೆಟ್ಟಿಗೆ, ತೆರೆಯಬೇಕು ಎಂದು ಕಿರಿಯರು ಕೇಳಿದ್ದರು. ಕಚೇರಿಯಲ್ಲಿ ಮೂರು ಹೊಸ ಕಂಪ್ಯೂಟರುಗಳಲ್ಲಿ ವಿಂಡೋಸ್ 11ರ 24ಎಚ್2 ಇತ್ತು. ಅದರ ಪ್ರೊ ಆವೃತ್ತಿ ಹೆಸರಿಲ್ಲದ ಅತಿಥಿಯಾಗಿ ಒಳಹೋಗಲು ಬಿಡುವುದಿಲ್ಲ. ಆಗ ನಾನು ಸುಲಭದ ದಾರಿ ಹಿಡಿದೆ. 'ಆಫೀಸ್' ಎಂಬ ಒಂದೇ ಬಳಕೆದಾರ, ಒಂದೇ ಪಾಸ್‌ವರ್ಡ್, ಅದನ್ನೇ ಹನ್ನೊಂದು ಕಡೆ ನೆನಪಿಟ್ಟುಕೊಳ್ಳುವಂತೆ ಮಾಡಿದೆ. ಎಲ್ಲರಿಗೂ ಎಲ್ಲವೂ ಓದಲು, ಬರೆಯಲು, ಅಳಿಸಲು. ಬ್ಯಾಕಪ್‌ಗೆ ಒಂದು ಯುಎಸ್‌ಬಿ ಡಿಸ್ಕ್ ಹಿಂದೆ ಸಿಕ್ಕಿಸಿ, ರಾತ್ರಿ ಒಂದಕ್ಕೆ ಪೆಟ್ಟಿಗೆಯಲ್ಲಿರುವುದು ಅದರಲ್ಲೂ ಹಾಗೇ ಇರುವಂತೆ ಸಿಂಕ್ ಹಾಕಿದೆ.

ಆರನೇ ವಾರದ ಸೋಮವಾರ ಬೆಳಿಗ್ಗೆ ಅಕ್ಕನ ಫೋನು. ಒಂದು ಅಕ್ಕಿ ಗಿರಣಿಯ ಸಾಲ ನವೀಕರಣಕ್ಕೆ ಬ್ಯಾಂಕಿನವರು ಮೂರು ವರ್ಷದ ಕಾಗದ ಕೇಳಿದ್ದಾರೆ, ಗಿರಣಿಯ ಫೋಲ್ಡರೇ ಇಲ್ಲ.

ಹೋಗಿ ನೋಡಿದೆ. ಪೆನ್‌ಡ್ರೈವ್ ಕಾಲದಲ್ಲಿ ಆ ಗಿರಣಿಗೆ ಎರಡು ಫೋಲ್ಡರ್ ಹುಟ್ಟಿದ್ದವು. ಒಂದರ ಹೆಸರು 'ಇಂಡಸ್ಟ್ರೀಸ್' ಎಂದು ಮುಗಿಯುತ್ತಿತ್ತು, ಇನ್ನೊಂದರದ್ದು 'ಇಂಡಸ್ಟ್ರಿ' ಎಂದು. ಶುಕ್ರವಾರ ಸಂಜೆ ಯಾರೋ ಒಳ್ಳೆಯ ಮನಸ್ಸಿನಿಂದ ಕಸ ಗುಡಿಸಿದ್ದಾರೆ, ಅಸಲಿ ಹೋಗಿ ನಕಲಿ ಉಳಿದಿದೆ. ನೆಟ್‌ವರ್ಕ್ ಡ್ರೈವಿನಲ್ಲಿ ಅಳಿಸಿದ್ದು ವಿಂಡೋಸಿನ ರೀಸೈಕಲ್ ಬಿನ್‌ಗೆ ಬೀಳುವುದಿಲ್ಲ, ನೇರ ಹೋಗುತ್ತದೆ. ಪೆಟ್ಟಿಗೆಯಲ್ಲೇ ಒಂದು ಕಸದಬುಟ್ಟಿ ಸೌಲಭ್ಯವಿತ್ತು, ನಾನು ಟಿಕ್ ಹಾಕಿರಲಿಲ್ಲ. ಯುಎಸ್‌ಬಿ ಡಿಸ್ಕ್ ಶನಿವಾರ, ಭಾನುವಾರ, ಸೋಮವಾರ ಮೂರು ರಾತ್ರಿ ಎದ್ದು, 'ಅಲ್ಲಿ ಇಲ್ಲದ್ದು ಇಲ್ಲೂ ಬೇಡ' ಎಂದು ತಾನೂ ಅಳಿಸಿಕೊಂಡಿತ್ತು. ಫೋಲ್ಡರ್ ಎನ್‌ಕ್ರಿಪ್ಟ್ ಆಗಿದ್ದರಿಂದ ಡಿಸ್ಕ್ ಕೆದಕಿ ಅಳಿಸಿದ್ದನ್ನು ಎತ್ತುವ ಆಸೆಯೂ ಇರಲಿಲ್ಲ.

ಹಿರಿಯರು ಗಾಬರಿಯಾಗಿರಲಿಲ್ಲ. "ಕಾರ್ಬನ್ ಕಾಪಿ ಇದೆಯಲ್ಲಪ್ಪಾ, ಆ ಎರಡನೇ ಡಿಸ್ಕಿಂದ ತೆಗಿ."

ಹೇಗೆ ಹೇಳುವುದು? ರಸೀದಿ ಪುಸ್ತಕದಲ್ಲಿ ಮೇಲಿನ ಹಾಳೆಗೆ ಕಾಟು ಹೊಡೆದರೆ ಕೆಳಗಿನದಕ್ಕೂ ಕಾಟು ಬೀಳುತ್ತದೆ ಸರ್, ಎಂದೆ. ರೇಡ್ ಕಾಯುವುದು ಡಿಸ್ಕ್ ಸಾಯುವುದರಿಂದ. ಮನುಷ್ಯ ಅಳಿಸಿದ್ದನ್ನು ಅದು ಅಷ್ಟೇ ನಿಷ್ಠೆಯಿಂದ ಎರಡೂ ಕಡೆ ಅಳಿಸುತ್ತದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ಅವತ್ತೇ ಹೇಳ್ಬೇಕಿತ್ತು" ಎಂದರು. ಬೈಗುಳವೇ ಆಗಿದ್ದರೆ ವಾಸಿಯಿತ್ತು.

ಅಳಿಸಿದವರು ಯಾರು ಎಂದು ಕಿರಿಯರು ದಾಖಲೆ ತೆಗೆಸಿದರು. ಶುಕ್ರವಾರ ಸಂಜೆ 5 ಗಂಟೆ 52 ನಿಮಿಷ, ಬಳಕೆದಾರ: ಆಫೀಸ್. ಅದರ ಮೇಲಿನ ಸಾಲು: ಆಫೀಸ್. ಕೆಳಗಿನದು: ಆಫೀಸ್. ಆರ್ಟಿಕಲ್‌ಗಳ ಪೈಕಿ ಒಬ್ಬ ಹುಡುಗ ನೆಲ ನೋಡುತ್ತಿದ್ದ. ಅವನೇ ಇರಬಹುದು, ಸುಮ್ಮನೆ ಹೆದರಿದ್ದೂ ಇರಬಹುದು. ಹಿರಿಯರು ವಿಚಾರಣೆ ಬೇಡ ಎಂದುಬಿಟ್ಟರು.

ಉಳಿಸಿದ್ದು ಅಕ್ಕ. ಹೊಸ ಪೆಟ್ಟಿಗೆ ಬಂದ ವಾರವೇ ಅವರ ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಎಂದು ನಾನು ಹೇಳಿ ಹೋಗಿದ್ದೆ. "ಇರ್ಲಿ ಬಿಡ್ರಿ, ಅನ್ನ ನೀರು ಕೇಳತ್ತಾ ಅದು" ಎಂದು ಡಿಸ್ಕ್ ಬಿಚ್ಚಿಸಿ, ಕರವಸ್ತ್ರದಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದರು. ಆರು ವಾರದ ಹಿಂದಿನವರೆಗಿನದೆಲ್ಲ ಅದರಲ್ಲಿ ಸಿಕ್ಕಿತು. ಆಮೇಲೆ ಮಾಡಿದ್ದರಲ್ಲಿ ಹೆಚ್ಚಿನದು ಗಿರಣಿಯವರಿಗೆ ಕಳಿಸಿದ ಇಮೇಲುಗಳಲ್ಲಿ, ಪ್ರಿಂಟ್ ತೆಗೆದ ಪ್ರತಿಗಳಲ್ಲಿ ಸಿಕ್ಕಿತು. ಟ್ಯಾಲಿ ಡೇಟಾ ಬೇರೆ ಫೋಲ್ಡರಿನಲ್ಲಿದ್ದುದರಿಂದ ಅದಕ್ಕೆ ಏನೂ ಆಗಿರಲಿಲ್ಲ. ಎರಡು ಸ್ಟಾಕ್ ಪಟ್ಟಿಗಳು ಮಾತ್ರ ಎಲ್ಲೂ ಇರಲಿಲ್ಲ, ಹೊಸದಾಗಿ ಮಾಡಿದರು.

ಬೀರುವಿನ ಬೀಗ

ಮತ್ತೆ ವ್ಯವಸ್ಥೆ ಮಾಡಲು ಕೂತಾಗ ನಾನು ಹುದ್ದೆಯ ಪ್ರಕಾರ ಹಕ್ಕುಗಳ ಪಟ್ಟಿ ಬರೆದುಕೊಂಡು ಹೋಗಿದ್ದೆ. ಪಾಲುದಾರರಿಗೆ ಎಲ್ಲ, ಸಿಬ್ಬಂದಿಗೆ ಇಷ್ಟು, ಆರ್ಟಿಕಲ್‌ಗಳಿಗೆ ಓದುವುದು ಮಾತ್ರ. ಅಕ್ಕ ಓದಿ ನಕ್ಕರು. ಎಂಟ್ರಿ, ವೋಚಿಂಗ್ (ಎಂಟ್ರಿಯನ್ನು ಬಿಲ್ಲಿನೊಂದಿಗೆ ತಾಳೆ ನೋಡುವುದು) ಎಲ್ಲ ಮಾಡುವವರೇ ಆರ್ಟಿಕಲ್‌ಗಳು. ಅವರ ಕೈ ಕಟ್ಟಿದರೆ ಮೂರನೇ ದಿನಕ್ಕೆ ಎಲ್ಲರೂ ಅಕ್ಕನ ಪಾಸ್‌ವರ್ಡಿನಲ್ಲೇ ಕೆಲಸ ಮಾಡುತ್ತಾರೆ.

ಆಮೇಲೆ ಬೀರುವಿನ ಕಡೆ ಕೈ ತೋರಿಸಿದರು. "ನಡೀತಿರೋ ಫೈಲು ಟೇಬಲ್ ಮೇಲಿರತ್ತೆ, ಯಾರು ಬೇಕಾದ್ರೂ ಮುಟ್ತಾರೆ. ಸರ್ ಸಹಿ ಹಾಕಿದ ಮೇಲೆ ಬೀರುವಿಗೆ ಹೋಗತ್ತೆ. ಬೀಗ ನನ್ನ ಹತ್ರ. ಬೇಕಾದೋರು ತಗೊಂಡು ನೋಡ್ತಾರೆ, ತಿದ್ದಲ್ಲ. ನಿಮ್ಮ ಪೆಟ್ಟಿಗೇಲಿ ಟೇಬಲ್ಲೂ ಒಂದೇ ಬೀರುನೂ ಒಂದೇ ಮಾಡಿದ್ರಲ್ಲ."

ನನ್ನ ಪಟ್ಟಿ ಮಡಚಿ ಜೇಬಿಗಿಟ್ಟೆ. ಆ ಕಚೇರಿಯಲ್ಲಿ ಕಾಗದಕ್ಕೆ ನಲವತ್ತು ವರ್ಷದಿಂದ ಒಂದು ಕಟ್ಟಳೆ ಇತ್ತು. ಅದನ್ನು ಕೇಳಬೇಕು ಎಂದು ನನಗೆ ಹೊಳೆದೇ ಇರಲಿಲ್ಲ. ನಾನು ಕೇಳಿದ್ದು ಎಷ್ಟು ಜಿಬಿ, ಎಷ್ಟು ಜನ, ಎಷ್ಟು ವೇಗ. ಈಗ ಯಾವ ಕಚೇರಿಗೆ ಹೋದರೂ ಮೊದಲು ಕೇಳುವುದು, ನಿಮ್ಮ ಬೀರುವಿನ ಬೀಗ ಯಾರ ಹತ್ತಿರ ಇರುತ್ತದೆ ಎಂದು.

ಎರಡೇ ದೊಡ್ಡ ಫೋಲ್ಡರ್ ಆಯಿತು: 'ಟೇಬಲ್', 'ಬೀರು'. ಅವೇ ಹೆಸರು. ಟೇಬಲ್ಲಿನಲ್ಲಿ ಎಲ್ಲರೂ ಬರೆಯಬಹುದು. ಬೀರುವಿನಲ್ಲಿ ಎಲ್ಲರಿಗೂ ಓದಲು ಮಾತ್ರ, ಹಿರಿಯರಿಗೂ ಅಷ್ಟೇ. ಒಳಗಿಡುವುದು, ಹೊರತೆಗೆಯುವುದು ಅಕ್ಕನ ಖಾತೆಯಿಂದ. ಹನ್ನೊಂದು ಜನಕ್ಕೆ ಹನ್ನೊಂದು ಖಾತೆ. ಬದಲಾವಣೆಯ ದಿನ ಅರ್ಧ ಕಂಪ್ಯೂಟರುಗಳು ಒಂದೇ ಸರ್ವರಿಗೆ ಎರಡು ಹೆಸರಿನಲ್ಲಿ ಹೋಗುವಂತಿಲ್ಲ ಎಂದು ರಚ್ಚೆ ಹಿಡಿದವು. ಹಳೆಯ 'ಆಫೀಸ್' ಗುರುತು ವಿಂಡೋಸಿನ ಕ್ರೆಡೆನ್ಷಿಯಲ್ ಮ್ಯಾನೇಜರಿನಲ್ಲಿ ಕೂತಿತ್ತು. ಅದನ್ನು ಕಿತ್ತು, ಡ್ರೈವ್ ಕಳಚಿ, ಒಮ್ಮೆ ಲಾಗ್ ಔಟ್ ಮಾಡಿಸಿದ ಮೇಲೆ ದಾರಿಗೆ ಬಂದವು.

ಬ್ಯಾಕಪ್ಪನ್ನು ಹೊಸದಾಗಿ ಕಟ್ಟಿದೆ. ಪೆಟ್ಟಿಗೆಯ ಕಸದಬುಟ್ಟಿಗೆ ಟಿಕ್ ಬಿತ್ತು, ಅಳಿಸಿದ್ದು ಅಲ್ಲಿ 60 ದಿನ ಇರುತ್ತದೆ. ಸಿಂಕ್ ಹೋಗಿ ಹಳೆಯ ಆವೃತ್ತಿಗಳನ್ನೂ ಇಟ್ಟುಕೊಳ್ಳುವ ಬ್ಯಾಕಪ್ ಬಂತು. ಎರಡು ಯುಎಸ್‌ಬಿ ಡಿಸ್ಕ್, ಪ್ರತಿ ಸೋಮವಾರ ಅದಲು ಬದಲು, ಒಂದು ಯಾವಾಗಲೂ ಹಿರಿಯರ ಮನೆಯಲ್ಲಿ. ಕಿರಿಯರು ಇನ್ನೊಂದು ನೆನಪಿಸಿದರು. ವಿದ್ಯುನ್ಮಾನ ರೂಪದಲ್ಲಿ ಲೆಕ್ಕ ಇಡುವ ಕಂಪನಿಗಳು ಭಾರತದೊಳಗಿನ ಸರ್ವರಿನಲ್ಲಿ ಪ್ರತಿದಿನ ಬ್ಯಾಕಪ್ ಇಡಬೇಕು ಎಂದು 2022ರ ಆಗಸ್ಟ್‌ನಲ್ಲಿ ನಿಯಮ ಬಿಗಿಯಾಗಿದೆ. ಹೊಣೆ ಕಂಪನಿಯದ್ದಾದರೂ ಕೆಲವು ಗಿರಾಕಿಗಳ ಟ್ಯಾಲಿ ಇರುವುದು ಈ ಪೆಟ್ಟಿಗೆಯಲ್ಲೇ. ಅಂಥ ಕಂಪನಿಗಳ ಡೇಟಾ ಮಾತ್ರ ಬೀಗ ಹಾಕಿಕೊಂಡು ದಿನವೂ ಮುಂಬೈಯ ಕ್ಲೌಡಿಗೆ ಹೋಗುತ್ತದೆ. ಊರು ಬಿಟ್ಟು ಹೋಗಬಾರದು ಎಂದಿದ್ದ ಹಿರಿಯರು ಈ ಸಲ ಏನೂ ಹೇಳಲಿಲ್ಲ.

ಈಗ ತಿಂಗಳ ಮೊದಲ ವಾರ ನನಗೊಂದು ಪರೀಕ್ಷೆ. ಅಕ್ಕ ಯಾವುದೋ ಒಂದು ಫೈಲಿನ ಹೆಸರು ಚೀಟಿಯಲ್ಲಿ ಬರೆದು ಕೊಡುತ್ತಾರೆ, ಮೂರು ವಾರದ ಹಿಂದೆ ಅದು ಹೇಗಿತ್ತೋ ಹಾಗೆ ತೆಗೆದು ತೋರಿಸಬೇಕು. ಹೋದ ಸಲ ಎಂಟು ನಿಮಿಷ ಹಿಡಿಯಿತು. ಬರುವಾಗ ಬೀರು ತೆರೆದಿತ್ತು. ಮೇಲಿನ ಅರೆಯಲ್ಲಿ ಕರವಸ್ತ್ರದ ಗಂಟು ಹಾಗೇ ಇದೆ, ಅದರ ಮೇಲೊಂದು ಚೀಟಿ: ಮುಟ್ಟಬಾರದು. ಇನ್ನಾದರೂ ಅದನ್ನು ಅಳಿಸಬಹುದಲ್ಲ ಅಕ್ಕ ಎಂದೆ. ಕಾಫಿ ಆಯ್ತಾ ಎಂದು ಕೇಳಿದರು.